ಬೈದರೆ ಹರಿಯುವ ನೀರು

ಬೂತಾಯಿ ಮೀನಿನ ಹೊಟ್ಟೆ ಸೀಳಿ, ಕರುಳನ್ನು ಹೆಬ್ಬೆರಳಿನಿಂದ ಎಳೆದು ಎಸೆಯುತ್ತಾ ನಾನು ತೊರೆಯನ್ನು ಬೈಯುತ್ತಿದ್ದೆ. ತಲೆ ಎತ್ತಿರಲಿಲ್ಲ. ಅಷ್ಟು ವರ್ಷ ಬೈದ ಬಾಯಿಗೆ ದಾರಿ ತಾನಾಗಿ ಗೊತ್ತಿರುತ್ತದೆ. "ಏಳು ಉಂಡಾಡಿ, ನಿನ್ನ ವಾರಗೆಯವೆಲ್ಲ ಸಮುದ್ರ ಸೇರಿ ಸಂಸಾರ ಹೂಡಿ ಆಯ್ತು. ನೀನಿನ್ನೂ ಬಂಡೆ ಸಂದಿಯಲ್ಲಿ ಬಿದ್ದು ಆಕಳಿಸ್ತಾ ಇದ್ದೀ. ಬಡಿಸಿದ್ದನ್ನು ತಿಂತೀ, ಹಾಸಿದಲ್ಲಿ ಮಲಗ್ತೀ, ಒಂದು ಮಾತು ಕೇಳಿದರೆ ಕಿವಿ ಕೇಳೂದಿಲ್ಲ ನಿಂಗೆ." ಬಂಡೆಗಳ ನಡುವೆ ಜಿಡ್ಡುಗಟ್ಟಿ ನಿಂತಿದ್ದ ನೀರು ಮೊದಲು ಮುಖ ಸೊಟ್ಟ ಮಾಡಿತು. ಆಮೇಲೆ ಒಲ್ಲದ ಮನಸ್ಸಿನಿಂದ ಒಂದು ಬಂಡೆಯನ್ನು ಬಳಸಿತು. ನಾನು ಅದು ಹುಟ್ಟಿದ ಗುಡ್ಡದ ವಿಷಯಕ್ಕೆ ಬರುವಷ್ಟರಲ್ಲಿ ಧೋ ಎಂದು ಗದ್ದೆಗಳ ಕಡೆ ಹೊರಟಿತು.

ನಮ್ಮ ದ್ವೀಪದ ಹೆಂಗಸರಿಗೆ ಇದು ಅಂಗಳ ಗುಡಿಸಿದಷ್ಟೇ ಸಹಜ. ಕೇರಿಯಿಂದ ದಿನಕ್ಕೊಬ್ಬಳ ಸರದಿ. ಸರದಿಯವಳು ಬೆಳಿಗ್ಗೆ ಮೀನೋ ಬಟ್ಟೆಯೋ ಹಿಡಿದು ಗುಡ್ಡ ಹತ್ತಬೇಕು, ಕೈಗೊಂದು ಕೆಲಸ ಕೊಟ್ಟು ಬಾಯಿ ಬಿಡಬೇಕು, ನೀರು ಗದ್ದೆ ಮುಟ್ಟಿತೆಂದು ಕೆಳಗಿನಿಂದ ಕೂಗು ಕೇಳಿದ ಮೇಲೆ ಇಳಿದು ಬರಬೇಕು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದ ಮನೆಯ ಅಪ್ಪಿಯಕ್ಕ ನನ್ನನ್ನು ಕರೆದೊಯ್ದು ಕಲಿಸಿದ್ದಳು. ನಾನು ನಾಚಿಕೊಂಡು, ಎಲ್ಲೋ ಕೇಳಿದ್ದ ನಾಲ್ಕು ಬೈಗುಳ ಒಪ್ಪಿಸಿದೆ. ನೀರು ಮಿಸುಕಲಿಲ್ಲ. "ಕಡ ತಂದ ಮಾತು ಇಲ್ಲಿ ನಡೆಯೂದಿಲ್ಲ ಮಾರಾಯ್ತಿ," ಎಂದಳು ಅಪ್ಪಿಯಕ್ಕ. "ನಿನ್ನ ಹೊಟ್ಟೆಯಲ್ಲಿ ಉರಿಯೂದು ಎಂತ ಉಂಟೋ ಅದನ್ನು ಹಾಕು." ಮದುವೆಯಾಗಿ ವಾರವೂ ಆಗಿರಲಿಲ್ಲ, ಹೊಟ್ಟೆಯಲ್ಲಿ ಉರಿಯುವುದೇನೂ ಇರಲಿಲ್ಲ. ತಿಂಗಳೊಳಗೆ ಬೇಕಾದಷ್ಟು ಸಿಕ್ಕಿತು.

ನನ್ನ ಗಂಡ ಡೀಕಯ್ಯ ಡೀಸೆಲ್ ಇಂಜಿನ್ ನಡೆಸುವವನು. ದ್ವೀಪಕ್ಕೆಲ್ಲ ಬೆಳಕು ಕೊಡುತ್ತಿದ್ದದ್ದು ಬಂದರಿನ ಪಕ್ಕದ ಆ ಒಂದು ಇಂಜಿನ್ ಶೆಡ್ಡು. ಹಾಗಾಗಿ ಈ ಪುಟ್ಟ ದ್ವೀಪರಾಷ್ಟ್ರದ ಅಧ್ಯಕ್ಷರ ನಂತರ ಡೀಕಯ್ಯನೇ ದೊಡ್ಡವನೆಂದು ಊರು ತಿಳಿದಿತ್ತು. ನಡುವೆ ಅಧ್ಯಕ್ಷರು ಯಾಕೆ ಎಂದು ಅವನು ತಿಳಿದಿದ್ದ. ಇಂಜಿನ್ನಿನ ಹೊಟ್ಟೆಯಲ್ಲಿ ಒಂದು ಬೋಲ್ಟು ಸಡಿಲಾದರೆ ಮನೆಯಲ್ಲಿ ಕೂತೇ ಅವನಿಗೆ ಕೇಳಿಸುತ್ತಿತ್ತು. ಪಕ್ಕದಲ್ಲಿ ಕೂತ ನನ್ನ ಮಾತು ಕೇಳಿಸುತ್ತಿರಲಿಲ್ಲ. ಹೊಡೆದವನಲ್ಲ, ಕುಡಿದವನಲ್ಲ. ಅದಕ್ಕೇ ಕೇರಿಯ ಹೆಂಗಸರು ನನ್ನನ್ನು ಪುಣ್ಯವಂತೆ ಎನ್ನುತ್ತಿದ್ದರು. ನಮ್ಮಲ್ಲಿ ಪುಣ್ಯದ ಅಳತೆ ಅಷ್ಟು ಸಣ್ಣದು. ಊಟಕ್ಕೆ ಕೂತು, ಒಂದು ತುತ್ತು ಬಾಯಿಗಿಟ್ಟು, ಏನೂ ಹೇಳದೆ ಬಟ್ಟಲನ್ನು ಎರಡು ಬೆರಳಲ್ಲಿ ಮುಂದಕ್ಕೆ ತಳ್ಳುತ್ತಿದ್ದ. ಉಪ್ಪು ಹೆಚ್ಚಾಯಿತೋ ಹುಳಿ ಕಡಿಮೆಯೋ ನಾನೇ ಊಹಿಸಿಕೊಳ್ಳಬೇಕು. ನನ್ನ ಅಮ್ಮ ತೀರಿಕೊಂಡ ಸುದ್ದಿ ಬಂದ ದಿನ ಬಾಗಿಲಲ್ಲಿ ನಿಂತು ಒಂದು ಗಳಿಗೆ ನನ್ನನ್ನು ನೋಡಿದ. ಏನೋ ಹೇಳುತ್ತಾನೆ ಎಂದುಕೊಂಡೆ. ಅಂಗಿ ಒಣಗಿದೆಯಾ ಎಂದು ಕೇಳಿದ. ಒಣಗಿದೆ ಎಂದೆ. ಮರುದಿನ ನನ್ನ ಸರದಿಯಲ್ಲದಿದ್ದರೂ ಗುಡ್ಡ ಹತ್ತಿದೆ. ಅಂದು ಬಂದ ನೀರಿಗೆ ಕೆಳಗಿನ ಗದ್ದೆಗಳ ಬದು ಒಡೆಯಿತು.

ಡೀಸೆಲ್ ಬರುತ್ತಿದ್ದದ್ದು ಹಡಗಿನಲ್ಲಿ. ಹಡಗು ಬಂದರೆ ಬೆಳಕು, ಬಾರದಿದ್ದರೆ ಅಧ್ಯಕ್ಷರ ಭಾಷಣ. ಬೆಳಕಿದ್ದ ದಿನಗಳಲ್ಲೂ ಊರ ಅನ್ನ, ಮೀನು, ಮಕ್ಕಳ ತಲೆಗೂದಲು ಎಲ್ಲವೂ ಡೀಸೆಲ್ ನಾರುತ್ತಿತ್ತು. ಆದರೂ ಯಾರಿಗೂ ಅದೊಂದು ಕಷ್ಟ ಎನಿಸಿರಲಿಲ್ಲ. ನಮ್ಮ ಅಧ್ಯಕ್ಷ ಸಂಕಪ್ಪನವರು ಹೊರದೇಶದ ಯಾವುದೋ ಸಭೆಗೆ ಹೋದಾಗ, ಪಕ್ಕದ ಕುರ್ಚಿಯ ಇನ್ನೊಂದು ದ್ವೀಪದ ಅಧ್ಯಕ್ಷರು ಮೂಗು ಮುಚ್ಚಿಕೊಂಡರಂತೆ. ರಾಷ್ಟ್ರದ ಕಷ್ಟ ಅಲ್ಲಿಂದ ಶುರುವಾಯಿತು. ಬರುವಾಗ ಸಂಕಪ್ಪನವರು ಒಂದು ಘೋಷಣೆಯನ್ನೂ ಪದ್ಮರಾಜನೆಂಬ ಇಂಜಿನಿಯರನ್ನೂ ಜೊತೆಗೆ ತಂದರು. ಇನ್ನು ಡೀಸೆಲ್ ಇಲ್ಲ, ತೊರೆಯ ನೀರಿನಿಂದಲೇ ವಿದ್ಯುತ್, ಹೊಗೆಯಿಲ್ಲದ ರಾಷ್ಟ್ರ ಎಂದು ಬಂದರಿನಲ್ಲೇ ನಿಂತು ಸಾರಿದರು. ಹೊಗೆಯ ನಡುವೆ ನಿಂತು ಹೇಳಿದ್ದರಿಂದ ನಡುನಡುವೆ ಕೆಮ್ಮಿದರು.

ಪದ್ಮರಾಜ ತೊರೆಯನ್ನು ಅಳೆಯಲು ಬಂದ ದಿನ ನನ್ನ ಸರದಿ. ಪಾಪ, ಮರ್ಯಾದಸ್ಥ. ದೂರದಿಂದಲೇ ಕೈ ಮುಗಿದು, "ಅಮ್ಮ, ಸ್ವಲ್ಪ ಮೆಲ್ಲಗೆ ಮಾತಾಡಿ, ಅಳತೆ ತಪ್ತದೆ," ಎಂದ. ಮಾತಿನ ನಡುವೆ ಬಾಯಿ ಹಾಕಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅವನ ಪಾಲಿನದನ್ನೂ ತೊರೆಗೇ ಸೇರಿಸಿ ಕೊಟ್ಟೆ. ಅವನ ಅಳತೆಕೋಲು ಕೊಚ್ಚಿಕೊಂಡು ಹೋಯಿತು, ಅವನು ಸಂತೋಷದಿಂದ ಸಂಕಪ್ಪನವರ ಬಳಿಗೆ ಓಡಿದ. ಬೈಗುಳದ ವಿಷಯ ನಾವು ಯಾರೂ ಅವನಿಗೆ ಹೇಳಲಿಲ್ಲ. ನಮ್ಮ ಮನೆಯ ಗಂಡಸರಿಗೇ ಹೇಳಿದವರಲ್ಲ. ಅವರಿಗೆ ಗೊತ್ತಿಲ್ಲವೆಂದಲ್ಲ, ಗೊತ್ತಿದೆಯೆಂದು ತೋರಿಸಿಕೊಂಡರೆ ಏನು ಬೈಯುತ್ತೀ ಎಂದು ಕೇಳಬೇಕಾಗುತ್ತದಲ್ಲ.

ಕಟ್ಟೆ ಕಟ್ಟಿದರು, ಕೊಳವೆ ಇಳಿಸಿದರು, ಕೆಳಗೆ ಟರ್ಬೈನಿನ ಮನೆಗೆ ಸುಣ್ಣ ಬಳಿದರು. ಉದ್ಘಾಟನೆಯ ದಿನ ನಡೆದದ್ದನ್ನು ನೆನೆದರೆ ನನಗೆ ಈಗಲೂ ನನ್ನ ಮೇಲೇ ಹೇಸಿಗೆಯಾಗುತ್ತದೆ. ಗುಟ್ಟು ಗೊತ್ತಿಲ್ಲದ ಅಧ್ಯಕ್ಷರು ತೊರೆಯನ್ನು ತಾಯಿ ಎಂದರು, ದೇವಿ ಎಂದರು, ರಾಷ್ಟ್ರದ ಜೀವನಾಡಿ ಎಂದರು, ಸರಿ. ಎಲ್ಲ ಗೊತ್ತಿದ್ದ ನಾವೂ ಹೊಸ ಸೀರೆ ಉಟ್ಟು, ಆರತಿ ಹಿಡಿದು, ಒಳ್ಳೆಯವಳೇ ಚೆಲುವೆಯೇ ಎಂದು ಹಾಡಿದೆವು. ಮನೆಗೆ ನೆಂಟರು ಬಂದಾಗ ಅತ್ತೆ ಸೊಸೆಯನ್ನು ಹೊಗಳುತ್ತಾಳಲ್ಲ, ಹಾಗೆ. ಮೂರನೆಯ ನುಡಿಗೆ ಬರುವಾಗ ನೀರು ನಿಂತಿತು. ಕಡಿಮೆಯಾಗಿ ನಿಂತದ್ದಲ್ಲ, ಹೊಸ ಜಾಗದಲ್ಲಿ ಹೆಸರು ಹಿಡಿದು ಕರೆದರೆ ಮಗು ನಿಲ್ಲುತ್ತದಲ್ಲ, ಹಾಗೆ ಕಾಲು ಜೋಡಿಸಿ ನಿಂತಿತು. ಪದ್ಮರಾಜ ಗುಂಡಿ ಒತ್ತಿದ, ಒತ್ತಿದ, ಮತ್ತೆ ಒತ್ತಿದ. ಸಂಕಪ್ಪನವರು ಇನ್ನಷ್ಟು ಹೊಗಳಿದರು. ಕಡೆಗೆ ಅಪ್ಪಿಯಕ್ಕ ನನ್ನ ಸೊಂಟಕ್ಕೆ ತಿವಿದು, "ನೆಂಟರು ಹೋಗುವವರೆಗೆ ಕಾಯ್ಲಿಕ್ಕೆ ಆಗೂದಿಲ್ಲ ಗುಲಾಬಿ, ಹೋಗಿ ನಾಲ್ಕು ಬಿಡು," ಎಂದಳು. ಆರತಿಯ ತಟ್ಟೆ ಅವಳ ಕೈಗೆ ಕೊಟ್ಟು ಹೋದೆ. ನಾಲ್ಕು ಸಾಲಲಿಲ್ಲ. ಅಂಗಿ ಒಣಗಿದೆಯಾ ಎಂಬಲ್ಲಿಗೆ ಬಂದಾಗ ಕೆಳಗೆ ಊರೆಲ್ಲ ಫಳ್ಳೆಂದು ಬೆಳಗಿತು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ಸಂಕಪ್ಪನವರು ಕೈಯೆತ್ತಿ ಸ್ವೀಕರಿಸಿದರು.

ಗುಟ್ಟು ಬಯಲಾಯಿತು. ಬಯಲಾದದ್ದನ್ನೆಲ್ಲ ಇಲಾಖೆ ಮಾಡುವುದು ಸರಕಾರದ ಗುಣ. ಮೊದಲು ಗಟ್ಟಿ ದನಿಯ ಗಂಡಸರನ್ನು ಆರಿಸಿ ಜಲಪ್ರೇರಕರೆಂದು ನೇಮಿಸಿದರು. ಅವರು ಖಾಕಿ ಹಾಕಿ, ಸಾಲಾಗಿ ನಿಂತು, ಅಮ್ಮ ಅಕ್ಕ ಎಂದೆಲ್ಲ ಕೊಳಕು ಬೈದರು. ತೊರೆ ಅತ್ತ ತಿರುಗಿಯೂ ನೋಡಲಿಲ್ಲ. ಆಮೇಲೆ ಹೆಂಗಸರ ಸರದಿ ನೋಡಿದರು. ಗದ್ದೆಗೆ ಸಾಕಾಗುತ್ತಿದ್ದ ನೀರು ಟರ್ಬೈನಿಗೆ ಸಾಲಲಿಲ್ಲ. ನಾನು ಬೈದರೆ ಮಾತ್ರ ಪದ್ಮರಾಜನ ಮೀಟರಿನ ಮುಳ್ಳು ಬೇಕಾದಲ್ಲಿಗೆ ಏರುತ್ತಿತ್ತು. ಹೀಗೆ ದ್ವೀಪದ ಅತ್ಯಂತ ಪುಣ್ಯವಂತೆಯ ಹೊಟ್ಟೆಯಲ್ಲಿ ಎಲ್ಲರಿಗಿಂತ ಹೆಚ್ಚು ಉರಿ ಇದೆಯೆಂದು ಮೀಟರಿನಲ್ಲಿ ಸಾಬೀತಾಯಿತು. ಯಾರೂ ಅದೇಕೆಂದು ಕೇಳಲಿಲ್ಲ. ಬಂಡೆಯ ಮೇಲೆ ಕುರ್ಚಿ ಹಾಕಿದರು, ಬಿಸಿಲಿಗೆ ಕೊಡೆ ಕಟ್ಟಿದರು, ಮೀನಿನ ನಾತ ರಾಷ್ಟ್ರದ ಘನತೆಗೆ ಸಲ್ಲದೆಂದು ಬುಟ್ಟಿ ತರಬೇಡಿ ಎಂದರು. ಉಳಿದವರ ಸರದಿ ರದ್ದಾಯಿತು. ಅಪ್ಪಿಯಕ್ಕ ನನ್ನ ಮೇಲೆ ಮುನಿಸಿಕೊಂಡಳು. ಅರವತ್ತು ದಾಟಿದ ಮೇಲೆ ತನ್ನ ಹೊಟ್ಟೆಯೊಳಗಿನದನ್ನು ಎಲ್ಲಿ ಕೊಂಡುಹೋಗಿ ಸುರಿಯಬೇಕು ಎಂದು ಕೇಳಿದಳು. ಅದು ಸೊಸೆಯ ತಲೆಯ ಮೇಲೆ ಬೀಳುತ್ತಿರುವುದು ನಮ್ಮ ಮನೆಗೂ ಕೇಳಿಸುತ್ತಿತ್ತು.

ಇಂಜಿನ್ ಶೆಡ್ಡಿಗೆ ಬೀಗ ಬಿತ್ತು. ಡೀಕಯ್ಯ ಮನೆಯಲ್ಲಿ ಕೂತ. ಮೊದಮೊದಲು ಗೋಡೆಗೆ ಮುಖ ಮಾಡಿ, ಕಿವಿಯಲ್ಲಿ ಏನನ್ನೋ ಹುಡುಕುವವನಂತೆ ಕೂರುತ್ತಿದ್ದ. ದ್ವೀಪ ಅಷ್ಟು ನಿಶ್ಶಬ್ದವಾದದ್ದು ಅವನ ಜನ್ಮದಲ್ಲಿ ಅದೇ ಮೊದಲು. ಆಮೇಲೆ ಕೈ ಸುಮ್ಮನಿರಲಾರದೆ ಬಾಗಿಲ ತಿರುಗಣೆಗೆ ಎಣ್ಣೆ ಬಿಟ್ಟ, ನನ್ನ ಕತ್ತಿ ಮಸೆದ, ರುಬ್ಬುವ ಕಲ್ಲಿನ ಮುಂದೆ ಕೂತು ಇದು ಹೇಗೆ ತಿರುಗುತ್ತದೆ ಎಂದು ನೋಡಿದ. ನೋಡಿದವನು ತಿರುಗಿಸಿದ. ಒಂದು ದಿನ ನಾನು ಗುಡ್ಡ ಇಳಿದು ಬಂದಾಗ ಮೀನಿನ ಸಾರು ಮಾಡಿಟ್ಟಿದ್ದ. ಖಾರ ಹೆಚ್ಚು, ಹುಳಿ ಇಲ್ಲವೇ ಇಲ್ಲ. ನಾನು ಬಡಿಸಿಕೊಳ್ಳದೆ ನಿಂತಿದ್ದನ್ನು ನೋಡಿ, "ನಿಂದು ಊಟ ಆಯ್ತಾ?" ಎಂದ.

ಇಷ್ಟೇ. ಇದನ್ನು ಬರೆಯುವಾಗ ನಗು ಬರುತ್ತದೆ, ಇಷ್ಟಕ್ಕೆ ಯಾರಾದರೂ ಕರಗುತ್ತಾರೆಯೇ. ಬರಗಾಲದ ಹೊಟ್ಟೆಗೆ ಗಂಜಿ ತಿಳಿಯೂ ಪಾಯಸ. ಗಂಡ ಬಡಿಸಿದ್ದನ್ನು ಕೂತು ಉಂಡೆ. ಮರುದಿನ ಕುರ್ಚಿಯಲ್ಲಿ ಕೂತು ಏಳು ಉಂಡಾಡಿ ಎಂದೆ. ಮುಂದಿನ ಮಾತು ಬರಲಿಲ್ಲ. ಹಳೆಯದನ್ನೆಲ್ಲ ಕೆದಕಿ ತಂದೆ, ಅದು ಹಿಂದಿನ ದಿನದ ಒಗ್ಗರಣೆಯಂತೆ ಘಮವಿಲ್ಲದೆ ಬಂತು. ತೊರೆ ಕಾಲು ತೊಯ್ಯುವಷ್ಟು ಹರಿದು ನಿಂತಿತು. ವಾರದೊಳಗೆ ಊರ ಬಲ್ಬುಗಳು ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ಇಳಿದವು. ಐಸ್ ಪ್ಲಾಂಟಿನಲ್ಲಿ ಮೀನು ಕೊಳೆಯಿತು. ರೇಡಿಯೋದಲ್ಲಿ ಸಂಕಪ್ಪನವರ ಭಾಷಣ ನಡುವೆ ನಿಂತಿತು. ಆ ಒಂದು ಉಪಕಾರಕ್ಕಾದರೂ ಊರು ನನ್ನನ್ನು ನೆನೆಯಬಹುದಿತ್ತು.

ಪದ್ಮರಾಜ ಮೀಟರು ಹಿಡಿದು ಮನೆಗೇ ಬಂದ. ಗಂಟಲು ನೋವೇ, ನಿದ್ದೆ ಇಲ್ಲವೇ, ಯಾರಾದರೂ ಏನಾದರೂ ಅಂದರೇ ಎಂದೆಲ್ಲ ವಿಚಾರಿಸಿದ. ಇಲ್ಲ ಎಂದೆ. ಅಷ್ಟರಲ್ಲಿ ಒಳಗಿನಿಂದ ಡೀಕಯ್ಯ, ಸೆರಗಿನಂತೆ ಹೆಗಲಿಗೆ ಟವೆಲು ಹಾಕಿಕೊಂಡು, ಮಸಾಲೆಯ ಕೈಯಲ್ಲಿ ಹೊರಬಂದು, ಹುಣಸೆಹಣ್ಣು ಎಲ್ಲಿಟ್ಟಿದ್ದೀ ಎಂದು ಕೇಳಿದ. ಪದ್ಮರಾಜ ಅವನನ್ನು ನೋಡಿದ. ನನ್ನನ್ನು ನೋಡಿದ. ಸೋರುವ ಜಾಗ ಸಿಕ್ಕಿದ ಕೊಳಾಯಿ ಕೆಲಸದವನ ಹಾಗೆ ಅವನ ಮುಖ ಅರಳಿತು. ಇದು ಯಾವಾಗಿನಿಂದ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟ.

ಎರಡು ದಿನ ಬಿಟ್ಟು ಡೀಕಯ್ಯನಿಗೆ ಅಧ್ಯಕ್ಷರ ಮನೆಯಿಂದ ಕರೆ ಬಂತು. ಹಿಂದಿರುಗಿದಾಗ ತಲೆಯ ಮೇಲೆ ಬಿಲ್ಲೆಯ ಟೋಪಿ ಇತ್ತು. ಮುಖದಲ್ಲಿ ಹಳೆಯ ಇಂಜಿನ್ನಿನ ಕಾಲದ ಬಿಗಿ. ಏನದು ಎಂದರೆ ಸರಕಾರಿ ಕೆಲಸ ಎಂದಷ್ಟೇ ಹೇಳಿದ. ಕೆಲಸ ಸಿಕ್ಕಿತಲ್ಲ ಎಂದು ನಾನು ಹುಚ್ಚಿಯಂತೆ ಸಂತೋಷಪಟ್ಟು ಬಂಗುಡೆ ಹುರಿದು ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು ಬಟ್ಟಲನ್ನು ಎರಡು ಬೆರಳಲ್ಲಿ ಮುಂದಕ್ಕೆ ತಳ್ಳಿದ. ಮೈ ಸರಿಯಿಲ್ಲವೇನೋ ಎಂದುಕೊಂಡೆ. ಮರುದಿನವೂ ಹಾಗೆಯೇ. ಮೂರನೆಯ ದಿನ ನಾನು ಮಾತಾಡುತ್ತಿದ್ದಾಗಲೇ ಎದ್ದು ಹೋದ. ಸಿಗದೆ ಇದ್ದಾಗ ಇಲ್ಲದ ಉರಿ ಸಿಕ್ಕಿ ಕಳೆದಾಗ ಬರುತ್ತದೆ. ಅಂದು ನಾನು ಗುಡ್ಡದಲ್ಲಿ ಬಿಟ್ಟ ಬಾಯಿಗೆ ಊರ ಬಲ್ಬುಗಳು ಬೆಳ್ಳಗಾದವು, ಎರಡು ಸಿಡಿದವು ಕೂಡ. ದಾರಿಯಲ್ಲಿ ಸಿಕ್ಕವರೆಲ್ಲ ನನ್ನ ಮುಖ ನೋಡಿ ಸಮಾಧಾನಪಟ್ಟರು. ಅಂಗಡಿಯವನು ಕೊಳೆತ ತೆಂಗಿನಕಾಯಿ ಕೊಟ್ಟು, ತಿರುಗಿ ಕೇಳಲು ಹೋದರೆ ಬೇಕಾದರೆ ತಕ್ಕೊಳ್ಳಿ ಎಂದ. ನೆರೆಯ ಹೆಂಗಸರು ನಾನು ಬಂದೊಡನೆ ಮಾತು ನಿಲ್ಲಿಸಿದರು. ಊರಿಗೆ ಊರೇ ಯಾಕೆ ಹೀಗೆ ತಿರುಗಿಬಿದ್ದಿತೆಂದು ನನಗೆ ತಿಳಿಯಲಿಲ್ಲ. ತಿಳಿಯದ್ದರಿಂದ ಇನ್ನಷ್ಟು ಬೈದೆ.

ತಿಳಿಸಿದ್ದು ಡೀಕಯ್ಯನ ಕಣ್ಣು. ಬಟ್ಟಲು ತಳ್ಳಿದ ಕೂಡಲೇ ಅವನು ತಲೆಯೆತ್ತಿ ಮಾಡಿನಿಂದ ಇಳಿಬಿದ್ದ ಬಲ್ಬನ್ನು ನೋಡುತ್ತಿದ್ದ. ಶೆಡ್ಡಿಗೆ ನಾನು ಬುತ್ತಿ ಕೊಂಡುಹೋದಾಗಲೆಲ್ಲ ಕಂಡದ್ದು ಅದೇ ನೋಟ. ಇಂಜಿನ್ನಿನ ಹಿಡಿಯನ್ನು ಒಂದು ಗೆರೆ ತಿರುಗಿಸುವುದು, ಮುಳ್ಳು ಏರಿತೇ ಎಂದು ಕತ್ತೆತ್ತುವುದು. ಇವತ್ತು ಬೆಳಿಗ್ಗೆ ಗಂಜಿಯ ಬಟ್ಟಲು ತಳ್ಳಿ ಕತ್ತೆತ್ತಿದವನನ್ನು, ಅಲ್ಲಿ ಏನು ನೋಡುತ್ತೀರಿ ಎಂದು ಕೇಳಿದೆ. ಎಂತ ಇಲ್ಲ ಎಂದ. "ನಾನಿನ್ನೂ ಗುಡ್ಡ ಹತ್ತಿಲ್ಲ," ಎಂದೆ. "ಅದು ಈಗಲೇ ಹೆಚ್ಚು ಉರಿಯೂದಿಲ್ಲ."

ಅವನು ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. ಬಿಲ್ಲೆಯ ಮೇಲಿನ ಅಕ್ಷರವನ್ನು ನಾನು ಆಗ ಓದಿದೆ. ಗೃಹ ಒತ್ತಡ ನಿರ್ವಾಹಕ ಎಂದಿತ್ತು. ನನ್ನ ಹೊಟ್ಟೆಯ ಉರಿ ಆರದಂತೆ ನೋಡಿಕೊಳ್ಳಬೇಕೆಂದು ಅಧ್ಯಕ್ಷರು, ಪದ್ಮರಾಜ, ಅಂಗಡಿಯವನು ಎಲ್ಲ ಸೇರಿ ಮಾತಾಡಿಕೊಂಡದ್ದನ್ನು ನಿಧಾನವಾಗಿ ಹೇಳಿದ. ಹೇಳುವಾಗ ಅಷ್ಟೇನೂ ನಾಚಿಕೆ ಇರಲಿಲ್ಲ. ಕೆಲಸದ ವಿವರ ಹೇಳುವಂತೆ ಹೇಳಿದ. "ಊರಿಗೆ ಬೆಳಕು ಬೇಕಲ್ಲ ಗುಲಾಬಿ. ಇದು ಡ್ಯೂಟಿ. ನೀನು ಮನಸ್ಸಿಗೆ ಹಚ್ಚಿಕೊಳ್ಬೇಡ." ಒಂದು ಗಳಿಗೆ ಯೋಚಿಸಿ, "ಅಂದ್ರೆ, ಸ್ವಲ್ಪ ಹಚ್ಚಿಕೋ," ಎಂದ.

"ಊಟ ಆಯ್ತಾ ಅಂತ ಕೇಳಿದ್ರಲ್ಲ, ಅದು?"

"ಅದು ಡ್ಯೂಟಿ ಅಲ್ಲ. ಅದು ನಂದೇ." ಇದನ್ನು ಹೇಳುವಾಗ ಮಾತ್ರ ಅವನ ದನಿ ಸಣ್ಣದಾಯಿತು. ನಾನು ನಂಬಿದೆ. ಈಗಲೂ ನಂಬುತ್ತೇನೆ.

"ಮತ್ತೆ ಅದಕ್ಕಿಂತ ಮೊದಲಿನದ್ದು? ಇಂಜಿನ್ ಇದ್ದಾಗ ಬಟ್ಟಲು ತಳ್ತಾ ಇದ್ರಿ. ಆಗ ಅಧ್ಯಕ್ಷರು ಹೇಳಿದ್ರಾ?"

"ಇಲ್ಲ."

"ಹಾಗಾದ್ರೆ ಅದೂ ನಿಮ್ದೇ."

ಅವನು ಬಲ್ಬಿನ ಕಡೆ ನೋಡಿದ.

ಎದ್ದು ಗುಡ್ಡ ಹತ್ತಿದೆ. ಮೇಲೆ ಎಂದಿಗಿಂತ ಹೆಚ್ಚು ಗದ್ದಲ. ನಾಳೆ ಹೊರದೇಶದ ಅತಿಥಿಗಳು ಬರುವವರಿದ್ದಾರೆ, ಹೊಗೆಯಿಲ್ಲದ ರಾಷ್ಟ್ರವನ್ನು ನೋಡಲು. ಮೂಗು ಮುಚ್ಚಿಕೊಂಡಿದ್ದ ಅಧ್ಯಕ್ಷರೂ ಅವರಲ್ಲಿದ್ದಾರೆ. ಕುರ್ಚಿಗೆ ಹೊಸ ಬಟ್ಟೆ ಹೊದಿಸಿದ್ದರು. ಸಂಕಪ್ಪನವರು ಕೈ ಹಿಸುಕುತ್ತಾ ಎದುರು ಬಂದು, ಮನೆಯಲ್ಲಿ ಎಲ್ಲ ಸರಿಯಾಗಿ ಕೆಟ್ಟಿದೆಯಲ್ಲ ಎಂಬ ಅರ್ಥ ಬರುವಂತೆ ಕುಶಲ ವಿಚಾರಿಸಿದರು. ಪದ್ಮರಾಜ ನನ್ನ ಮುಖವನ್ನೇ ಮೀಟರಿನಂತೆ ಓದಿ ತಲೆಯಾಡಿಸಿದ.

ಕೂತೆ. ಬಾಯಿ ತೆರೆದೆ. ಮಾತಿಗೆ ಬರವಿರಲಿಲ್ಲ, ಒಂದರ ಬೆನ್ನಿಗೊಂದು ಹೊರಟಿತು. ಸಂಕಪ್ಪನವರನ್ನು ಬೈದೆ, ಪದ್ಮರಾಜನನ್ನು ಬೈದೆ, ಕೊಳೆತ ಕಾಯಿಯನ್ನು, ಮಾತು ನಿಲ್ಲಿಸಿದ ಹೆಂಗಸರನ್ನು. ಬಾಯಲ್ಲಿ ಹಿಡಿದ ಹೆಸರು ತೊರೆಯದ್ದೇ ಆದ್ದರಿಂದ ಅವರು ಕೇಳಿ ಹಿಗ್ಗಿದರು. ನೀರು ಕಟ್ಟೆಯನ್ನು ಹಾರಿ ಕೊಳವೆಗೆ ನುಗ್ಗುತ್ತಿತ್ತು. ಆಗ ನಾನು ಮೊದಲ ಬಾರಿ ಅದನ್ನು ನೋಡಿದೆ. ಅಷ್ಟು ವರ್ಷ ಮೀನನ್ನು, ಬಟ್ಟೆಯನ್ನು ನೋಡುತ್ತಾ ಬೈದವಳು, ನೀರನ್ನು ನೋಡಿದವಳೇ ಅಲ್ಲ. ಪಾಪದ್ದು. ಬಂಡೆಗೆ ಮೈ ಉಜ್ಜಿಕೊಂಡು, ಹೊಟ್ಟೆಯ ಮೇಲೆ ಕೆಸರು ಹೊತ್ತುಕೊಂಡು, ಬೇರೆ ಯಾರದೋ ತಪ್ಪಿಗೆ ಓಡುತ್ತಿತ್ತು. ಅತ್ತೆಯ ಕಾಲದಿಂದ, ಅತ್ತೆಯ ಅತ್ತೆಯ ಕಾಲದಿಂದ, ಈ ದ್ವೀಪದ ಹೆಂಗಸರೆಲ್ಲ ಹೇಳಬೇಕಾದಲ್ಲಿ ಹೇಳದೆ ಇಲ್ಲಿಗೆ ತಂದು ಸುರಿದದ್ದು. ಹಾಗಾಗಿ ನಮ್ಮ ಗಂಡಸರಿಗೆ ಮನೆಯಲ್ಲಿ ಶಾಂತಿ, ಗದ್ದೆಯಲ್ಲಿ ನೀರು. ಈಗ ಬೆಳಕು ಬೇರೆ.

ಮಾತು ಏರುತ್ತಾ ಏರುತ್ತಾ ಎಂದಿನ ಜಾಗಕ್ಕೆ ಬಂತು, ಡೀಕಯ್ಯನ ಪಾಲಿನ ಜಾಗಕ್ಕೆ. ಅಲ್ಲಿ ನಿಲ್ಲಿಸಿದೆ. ಆಗಲೇ ಬೈದದ್ದರ ಬಲದಲ್ಲೇ ನೀರು ಹರಿಯುತ್ತಿತ್ತು, ಯಾರಿಗೂ ತಿಳಿಯಲಿಲ್ಲ. ಮುಳ್ಳು ಬೇಕಾದಲ್ಲಿ ನಿಂತಿದೆ ಎಂದು ಪದ್ಮರಾಜ ಕೂಗಿದ. ಸಂಕಪ್ಪನವರು ಕೈ ಮುಗಿದು, "ನಾಳೆ ಈ ರಾಷ್ಟ್ರದ ಮಾನ ನಿಮ್ಮ ಬಾಯಲ್ಲಿ ಉಂಟು ಗುಲಾಬಿಯಕ್ಕ. ಇದೇ ಹೊತ್ತಿಗೆ ಬರ್ತೀರಲ್ಲ?" ಎಂದರು.

ನಾನು ಸೆರಗು ಸರಿಮಾಡಿಕೊಂಡು ತಲೆ ಅಲ್ಲಾಡಿಸಿದೆ. ಹೂಂ ಎಂದೋ ಊಹೂಂ ಎಂದೋ ಅವರು ನೋಡಲಿಲ್ಲ, ಆಗಲೇ ಕುರ್ಚಿಯನ್ನು ಇನ್ನೂ ಎಷ್ಟು ಮುಂದಿಡಬೇಕೆಂಬ ಚರ್ಚೆ ಶುರುವಾಗಿತ್ತು. ಇಳಿಯುವ ದಾರಿಯಲ್ಲಿ ಅಪ್ಪಿಯಕ್ಕ ಬೇಲಿಯ ಹತ್ತಿರ ನಿಂತು, ಇವತ್ತು ಚಂದ ಬೈದೆಯಂತಲ್ಲ ಎಂದು ಕೊಂಕು ನುಡಿದಳು. ನಕ್ಕು ಮುಂದೆ ಹೋದೆ. ಅವಳಿಗೂ ಹೇಳಲಿಲ್ಲ. ನಾಳೆ ಬೆಳಿಗ್ಗೆ ಅತಿಥಿಗಳ ದೋಣಿ ಬಂದರಿಗೆ ತಾಗುವ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಡೀಕಯ್ಯನ ಎದುರು ಕೂತಿರುತ್ತೇನೆ. ಅವನು ಟೋಪಿ ಹಾಕಿಕೊಂಡಿರಲಿ, ತೆಗೆದಿರಲಿ. ಮದುವೆಯಾದ ಮೊದಲ ತಿಂಗಳಿಂದ ಶುರುಮಾಡಿ, ಒಂದನ್ನೂ ಬಿಡದೆ, ಅವನದ್ದನ್ನು ಅವನಿಗೇ ಹೇಳುತ್ತೇನೆ. ಮಧ್ಯಾಹ್ನವಾಗಬಹುದು, ಸಂಜೆಯಾಗಬಹುದು. ಊರು ಕತ್ತಲಾದರೆ ಆಗಲಿ, ಕೇಳಿಸಿಕೊಳ್ಳಲು ಬೆಳಕು ಬೇಕಾಗುವುದಿಲ್ಲ.